ಖೋಲಿಯ ಕ್ಷೇತ್ರಫಲ

ಇವತ್ತಿನದು ಕೇಳಿ ಗೆಳೆಯರೇ. ಅಥಣಿ ಕಡೆಯ ಹಳ್ಳಿ ಶಾಲೆಯೊಂದರಲ್ಲಿ ಗಣಿತದ ಪಾಠ ನೋಡಿದೆ. ಮಾಸ್ತರರಿಗೆ ಕಲಿಸಲು ನೆರವಾಗುವುದು ನನ್ನ ಕೆಲಸ. ಕೂರುವುದು ಮಾತ್ರ ಹಿಂದಿನ ಸಾಲಿನ ಮಕ್ಕಳ ನಡುವೆ. ಮಾಸ್ತರರು ಬೋರ್ಡಿನ ಮೇಲೆ ಚೆಂದದ ಆಯತ ಬರೆದು ಕ್ಷೇತ್ರಫಲ ಕಲಿಸಿದರು. ಇಡೀ ವರ್ಗ ‘ಉದ್ದ ಗುಣಿಲೆ ಅಗಲ’ ಎಂದು ಕೂಗಿತು.

ಪಕ್ಕದ ಹುಡುಗಿಯನ್ನು ಮೆಲ್ಲಗೆ ಕೇಳಿದೆ. “ನಾವು ಕುಂತ ಈ ಖೋಲಿ ಕ್ಷೇತ್ರಫಲ ಹೆಂಗ ತಗೀತಿಯವ್ವಾ?”

“ಖೋಲಿಗೆ ಇರೂದಿಲ್ರಿ ಸರ. ಅದು ಬೋರ್ಡ್ ಮ್ಯಾಲ ಅಷ್ಟ ಇರತೈತ್ರಿ.”

ಅದನ್ನೇ ಬರೆದುಕೊಂಡೆ. ಪಾಠ ಮುಗಿದ ಮೇಲೆ ಮಾಸ್ತರರು ನನ್ನ ವಹಿಯಲ್ಲಿ ಇಣುಕಿದರು. “ನನ್ನ ಪಾಠದ ಬಗ್ಗೆ ಏನೂ ಬರದಿಲ್ಲಲ್ರಿ?”

“ಇದ ನಿಮ್ಮ ಪಾಠರಿ. ನಾಳೆ ಅಳತಿ ಪಟ್ಟಿ ಮಕ್ಕಳ ಕೈಯಾಗ ಕೊಡ್ರಿ, ಖೋಲಿ ಅವರ ಅಳೀಲಿ.”

“ಹಂಗಂದ್ರ ಇವತ್ತ ಯಾರಿಗೂ ತಿಳೀಲಿಲ್ಲೇನ್ರಿ?”

“ಬೋರ್ಡಿಗೆ ಪಕ್ಕಾ ತಿಳದೈತ್ರಿ” ಎಂದೆ.