ಪಾಲಯ್ಯ ಮಾವನ ಗಾಳದ ಕೋಲು

ಹುಣಸೆಬೀಜದ ಗಂಜಿ ಕುದಿಯುವ ವಾಸನೆ ನಿಮಗೆ ಗೊತ್ತಿದೆಯೋ ಇಲ್ಲವೋ. ಮೊದಲು ಹುರಿದ ಬೀಜದ ಕಮಟು, ಹಿಂದೆಯೇ ತಳ ಹಿಡಿದ ಅಂಬಲಿಯಂಥ ಸಣ್ಣ ಘಾಟು, ಕೊನೆಗೆ ಒದ್ದೆ ಉಣ್ಣೆಯ ವಾಸನೆ. ಮಗ್ಗದಿಂದ ಇಳಿಸಿದ ಕಂಬಳಿ ಬಿರುಸಾಗಲೆಂದು ಈ ಗಂಜಿಯನ್ನು ಬಳಿದು ಬಿಸಿಲಿಗೆ ಹಾಕುತ್ತಾರೆ. ಮೊನ್ನೆ ಮಧ್ಯಾಹ್ನ ಚಳ್ಳಕೆರೆಯಲ್ಲಿ ನನ್ನ ಹೊಲಿಗೆ ಅಂಗಡಿಯ ಬಾಗಿಲು ಹಾಕಿ ಊಟಕ್ಕೆ ಹೊರಟವಳಿಗೆ, ಊರಂಚಿನ ಒಂದು ಶೆಡ್ಡಿನಿಂದ ಆ ವಾಸನೆ ಬಂತು. ಎಣ್ಣೆ ಗಿರಣಿಗಳ ಘಮಲು ತುಂಬಿದ ಈ ಊರಿನಲ್ಲಿ ಇಷ್ಟು ವರ್ಷ ನಾನು ಅದರಿಂದ ತಪ್ಪಿಸಿಕೊಂಡೇ ಬದುಕಿದ್ದೆ. ಕಾಲು ಮುಂದಕ್ಕೆ ಬರಲಿಲ್ಲ. ವಯಸ್ಸಿಗೆ ಬಂದ ಮಗಳಿರುವ ಹೆಂಗಸೊಬ್ಬಳು ಹಾಡಹಗಲು ರಸ್ತೆಯ ಪಕ್ಕ ಎದೆ ಹಿಡಿದುಕೊಂಡು ನಿಂತಿದ್ದರೆ ನೋಡಿದವರು ಏನಂದುಕೊಂಡರೋ ಕಾಣೆ. ಹುಟ್ಟಾ ಪುಕ್ಕಲಿ ನಾನು. ಆದರೆ ಈ ಭಯಕ್ಕೆ ಒಂದು ಕಾರಣವಿದೆ, ಅದನ್ನು ಈವರೆಗೆ ಯಾರಿಗೂ ಹೇಳಿಲ್ಲ.

ನಮ್ಮೂರು ಮೊಳಕಾಲ್ಮುರಿನ ಕಡೆ, ಆಂಧ್ರದ ಗಡಿಗೆ ಕೂಗಳತೆಯಲ್ಲಿದೆ. ಅಪ್ಪ ಶೇಂಗಾ ಲಾರಿಯ ಡ್ರೈವರ್, ಹದಿನೈದು ದಿನಕ್ಕೊಮ್ಮೆ ಮನೆಗೆ ಬಂದರೆ ಹೆಚ್ಚು. ಹಾಗಾಗಿ ಮನೆಯೆಂದರೆ ಅವ್ವ, ಅವಳ ತಮ್ಮ ಪಾಲಯ್ಯ ಮಾವ, ಮತ್ತು ನಾನು. ಅವ್ವ ಮನೆಯಂಗಳದಲ್ಲೇ ನೇಕಾರರ ಕಂಬಳಿಗಳಿಗೆ ಗಂಜಿ ಹಾಕುತ್ತಿದ್ದಳು. ಮಾವ ಕುರಿ ಕಾಯುತ್ತಿದ್ದ. ಇಪ್ಪತ್ತೈದರ ಆಸುಪಾಸಿನ ಆಳು, ಮಾತು ಕಡಿಮೆ, ನಗು ಜಾಸ್ತಿ. ಮೊಣಕೈಯಿಂದ ಹೆಗಲವರೆಗೆ ಅವನಿಗೊಂದು ಉದ್ದನೆಯ ಗಾಯದ ಗುರುತಿತ್ತು. ಚಿಕ್ಕವನಿದ್ದಾಗ ಒಂದು ಟಗರು ಅವನನ್ನು ಬೇಲಿಯ ಮುಳ್ಳಿನ ಮೇಲೆ ದರದರ ಎಳೆದುಕೊಂಡು ಹೋಗಿತ್ತಂತೆ, ಹಗ್ಗ ಮಾತ್ರ ಬಿಟ್ಟಿರಲಿಲ್ಲವಂತೆ. ಊರವರು ಇದನ್ನು ಹೊಗಳಿ ಹೇಳುತ್ತಿದ್ದರು. ಅವ್ವ ಮಾತ್ರ ಆ ಕಥೆ ಶುರುವಾದರೆ ಸಾಕು, ಎದ್ದು ಒಳಗೆ ಹೋಗುತ್ತಿದ್ದಳು.

ತೊಂಬತ್ತರ ದಶಕದ ಕೊನೆಯ ಒಂದು ವರ್ಷ ನಮ್ಮೂರ ಕೆರೆ ತುಂಬಿ ಕೋಡಿ ಬಿತ್ತು. ನಾನು ಹುಟ್ಟಿದ ಮೇಲೆ ಆ ಕೆರೆಯಲ್ಲಿ ನೀರು ಕಂಡಿದ್ದೇ ಇಲ್ಲ. ನಮ್ಮ ಪಾಲಿಗೆ ಅದು ಜಾಲಿ ಬೆಳೆದ ಬಯಲು, ಕುರಿ ಮೇಯಿಸುವ ಜಾಗ, ಅಷ್ಟೇ. ಈಗ ಆ ಜಾಲಿ ಮರಗಳೆಲ್ಲ ಬುಡದಿಂದ ತುದಿಯವರೆಗೆ ಮುಳುಗಿ, ಮುಳ್ಳು ಸಮೇತ ನೀರಿನ ಒಳಗೆ ನಿಂತಿದ್ದವು. ಮೇಲಿಂದ ನೋಡಿದರೆ ಏನೂ ಕಾಣುತ್ತಿರಲಿಲ್ಲ. ಊರಿನಲ್ಲಿ ಒಬ್ಬರಿಗೂ ಈಜು ಬಾರದು. ಮೊದಲ ವಾರ ಎಲ್ಲರೂ ಏರಿಯ ಮೇಲೆ ನಿಂತು ಕೈಮುಗಿದರು, ಎರಡನೆಯ ವಾರದಿಂದ ಮಕ್ಕಳನ್ನು ಅತ್ತ ಹೋಗದಂತೆ ಹೆದರಿಸತೊಡಗಿದರು. ಅವ್ವ ಕೆರೆಯ ಕಡೆಗಿದ್ದ ಕಿಟಕಿಗೆ ಹಳೆಯ ಗೋಣಿಚೀಲ ಹೊಡೆದುಬಿಟ್ಟಳು. ಗಾಳಿ ಬೀಸಿದಾಗ ಆ ಚೀಲದ ಹಿಂದಿನಿಂದ ಅಲೆಯ ಸದ್ದು ಕೇಳುತ್ತಿತ್ತು.

ಆ ನೀರಿಗೆ ಆಂಧ್ರದ ಕಡೆಯಿಂದ ನರಸಿಂಹುಲು ಎಂಬ ಬೆಸ್ತ ಬಂದ. ಬಿದಿರು ಹೆಣೆದು ಟಾರು ಬಳಿದ ದುಂಡನೆಯ ತೆಪ್ಪ ಅವನದು. ಮಾವ ಒಂದು ದಿನ ಅದರಲ್ಲಿ ಕುಳಿತು ಹೋದ. ನರಸಿಂಹುಲುವಿನ ಗಾಳಕ್ಕೆ ಮೊಳದುದ್ದದ ಮೀನು ಸಿಕ್ಕಿ ಬಾಗಿದ ಕೋಲನ್ನು ಎರಡು ನಿಮಿಷ ಹಿಡಿದುಕೊಂಡಿದ್ದನಂತೆ. ಅಲ್ಲಿಗೆ ಮುಗಿಯಿತು. ಕುರಿಯ ಹಿಂದೆ ಹೋದವನು ಕೆರೆಯ ಕಡೆ ನೋಡುತ್ತ ನಿಲ್ಲುವುದು, ಊಟಕ್ಕೆ ಕೂತವನು ಅಂಗೈ ಮೇಲೆತ್ತಿ ಏನನ್ನೋ ತೂಗುವುದು. ತನ್ನದೇ ಒಂದು ಕೋಲು ಬೇಕು, ಅದೂ ಚಳ್ಳಕೆರೆಯ ಅಂಗಡಿಯಿಂದ. ಎಷ್ಟು ಉದ್ದ, ಎಷ್ಟು ಬಾಗಬೇಕು, ತೆಪ್ಪದಲ್ಲಿ ಕುಳಿತೇ ಬೀಸುವುದಾದರೆ ಗಿಡ್ಡದು ಒಳ್ಳೆಯದೋ ಹೇಗೆ ಎಂದು ನರಸಿಂಹುಲುವನ್ನು ತಿಂಗಳುಗಟ್ಟಲೆ ತಿಂದುಹಾಕಿದ. ಹೆಣ್ಣು ನೋಡಲು ಕರೆದರೆ ನಾಳೆ ನಾಡಿದ್ದು ಎನ್ನುತ್ತಿದ್ದ ಪುಣ್ಯಾತ್ಮ ಒಂದು ಕೋಲಿಗೆ ಇಷ್ಟು ವಿಚಾರ ಮಾಡಿದ.

ನರಸಿಂಹುಲು ಒಂದು ಮಾತನ್ನು ಅವ್ವನ ಎದುರಿಗೇ ಹೇಳಿದ್ದ. ಈ ಕೆರೆಯಲ್ಲಿ ಮೀನಿಗಿಂತ ಜಾಲಿಯೇ ಹೆಚ್ಚು ಗಾಳ ಕಚ್ಚುತ್ತದೆ, ಮೀನೆಂದುಕೊಂಡು ಎದ್ದು ನಿಂತು ಎಳೆದರೆ ತೆಪ್ಪ ಮಗುಚುತ್ತದೆ ಎಂದು. ಮಾವ ನನ್ನನ್ನೂ ಕರೆದುಕೊಂಡು ಚಳ್ಳಕೆರೆಗೆ ಹೊರಟ ಬೆಳಿಗ್ಗೆ ಅವ್ವ ನನ್ನನ್ನು ಅಡುಗೆಮನೆಗೆ ಕರೆದು ಜಡೆ ಹಾಕುವ ನೆಪದಲ್ಲಿ ಕಿವಿಯ ಹತ್ತಿರ ಬಗ್ಗಿದಳು.

"ಅವನು ಹಿಡಿದಿದ್ದು ಬಿಡೋನಲ್ಲ ಕಣೆ. ಅವನು ಬಿಡಲ್ಲ ಅಂದ್ಮ್ಯಾಲೆ ಕೋಲಾದ್ರೂ ಬಿಡ್ಬೇಕು. ಮುರಿಯೋ ಅಂಥದ್ದೇ ತಗಳ್ಳೋ ಹಂಗೆ ನೋಡ್ಕೋ. ನೀ ಹೇಳಿದ್ರೆ ಕೇಳ್ತಾನೆ."

ನಾನಾಗ ಆರನೆಯ ಕ್ಲಾಸು. ಬಸ್ಸಿನಲ್ಲಿ ಮಾವ ಕಿಟಕಿಯ ಪಕ್ಕ ಕೂರಿಸಿ ಕಡಲೆಮಿಠಾಯಿ ಕೊಡಿಸಿದ, ನಾನು ಅದನ್ನು ಕಾಗದದ ಸಮೇತ ಕೈಯಲ್ಲೇ ಹಿಡಿದುಕೊಂಡು ಕೂತೆ. ಮಾರ್ಕೆಟ್ಟಿನ ಹಿಂದೆ ಹಗ್ಗ, ಟಾರ್ಪಾಲು, ಬಲೆ ಮಾರುವ ಒಬ್ಬ ಮುದಿ ಸಾಹೇಬರ ಅಂಗಡಿ. ಅವರು ಗಲ್ಲಾಪೆಟ್ಟಿಗೆಯ ಪಕ್ಕ ಮೂರು ಕೋಲು ಸಾಲಾಗಿ ಒರಗಿಸಿದರು. ಮೊದಲನೆಯದು ಬರಿಯ ಬಿದಿರು, ಪುಕ್ಕಟೆಯೇ ಅನ್ನಬೇಕು. ಕೊನೆಯದು ಕಪ್ಪಗೆ ಹೊಳೆಯುವ ಗಟ್ಟಿ ಕೋಲು, ಅದಕ್ಕೆ ಸುತ್ತುವ ಚಕ್ರ ಬೇರೆ. ಬೆಲೆ ಕೇಳಿ ಮಾವ ಅದನ್ನು ಮಗುವನ್ನು ಮಲಗಿಸುವ ಹಾಗೆ ಮೆಲ್ಲಗೆ ಕೆಳಗಿಟ್ಟ. ನಡುವಿನದು ಹಸಿರು ಬಣ್ಣದ್ದು, ಒಳಗೆ ಟೊಳ್ಳು, ಎರಡು ತುಂಡು. ತುದಿಯ ತುಂಡನ್ನು ಬುಡದ ತುಂಡಿಗೆ ಸಿಕ್ಕಿಸಬೇಕು, ದಾರ ತುದಿಗೆ ಕಟ್ಟಬೇಕು. ಬೆಲೆಯೂ ನಡುವಿನದೇ. ಮಾವ ಅದನ್ನು ಟಗರು ಕೊಳ್ಳುವವನಂತೆಯೇ ಪರೀಕ್ಷೆ ಮಾಡಿದ. ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿದ, ಬೆನ್ನು ಸವರಿದ, ಬಗ್ಗಿಸಿ ಬಿಟ್ಟು ಎಷ್ಟು ಹೊತ್ತು ನಡುಗುತ್ತದೆಂದು ಕಾದ. ಆಮೇಲೆ ದಾರದ ತುದಿಯನ್ನು ನನ್ನ ಕೈಗೆ ಕೊಟ್ಟು ಹೇಳಿದ:

"ನೀನೇ ಮೀನು ಅಂತ ತಿಳ್ಕೊ. ಓಡು ನೋಡಾನ."

ನಾನು ಟಾರ್ಪಾಲಿನ ರಾಶಿಯವರೆಗೆ ಓಡಿದೆ. ಕೋಲು ಬಾಗಿತು, ಇನ್ನೂ ಬಾಗಿತು, ಆಮೇಲೆ ತುದಿಯ ತುಂಡು ಪಕ್ಕನೆ ಕಳಚಿ ನನ್ನ ಹಿಂದೆಯೇ ಬಂತು.

"ದೇಖೋ, ಅದೇ ಇದರ ಐಬು," ಎಂದರು ಸಾಹೇಬರು. "ಜೋರು ಮಾಡಿದ್ರೆ ಬಾಯಿ ಬಿಡ್ತೈತೆ. ಸುಳ್ಳು ಹೇಳಿ ಮಾರೋನಲ್ಲ ನಾನು."

ಮಾವನ ಮುಖ ಸಣ್ಣದಾಯಿತು. ನನಗೋ ಆ ಐಬಿನ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿ, "ಇದೇ ಇರ್ಲಿ ಮಾವ, ಹಸಿರು ಬಣ್ಣ ಚೆನ್ನಾಗೈತೆ," ಎಂದೆ. ಅವನು ಒಮ್ಮೆ ಕಪ್ಪು ಕೋಲನ್ನು, ಒಮ್ಮೆ ನನ್ನನ್ನು ನೋಡಿ ನಕ್ಕುಬಿಟ್ಟ. ಮನೆಗೆ ಬಂದ ಮೇಲೆ ಅವ್ವ ತಾನೇ ಕೋಲು ಹಿಡಿದು, ಅವನು ಆಚೆ ಹೋದಾಗ ತುದಿ ಎಳೆದು ನೋಡಿದಳು. ಅದು ಕಳಚಿ ಕೈಗೆ ಬಂತು. ಆ ದಿನ ಅವಳು ನನಗೆ ತುಪ್ಪ ಹಾಕಿ ಮುದ್ದೆ ಕೊಟ್ಟಳು. ತೆಪ್ಪದಲ್ಲಿ ಎದ್ದು ನಿಲ್ಲುವುದಿಲ್ಲವೆಂದು ಮಾವನಿಂದ ಗೌರಸಮುದ್ರದ ಮಾರಮ್ಮನ ಮೇಲೆ ಆಣೆಯನ್ನೂ ಹಾಕಿಸಿಕೊಂಡಳು.

ಮೊದಲ ದಿನವೇ ಅವನ ಗಾಳಕ್ಕೆ ದೊಡ್ಡ ಮೀನು ಬಿತ್ತು. ಎಳೆದ ರಭಸಕ್ಕೆ ತುದಿ ಕಳಚಿಕೊಂಡು, ಮೀನು ಅದನ್ನು ನೀರಿನ ಮೇಲೆ ಎಳೆದುಕೊಂಡು ಹೊರಟಿತು. ನರಸಿಂಹುಲು ಹುಟ್ಟು ಹಾಕಿ ಹಿಂದೆ ಹೋಗಿ ತುದಿಯನ್ನೇನೋ ತಂದ, ಮೀನು ಹೋಗಿತ್ತು. ಏರಿಯ ಮೇಲಿದ್ದ ಗಂಡಸರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಏನ್ಲೇ ಪಾಲಯ್ಯ, ಮೀನೇ ನಿನ್ನ ಕೋಲು ಹಿಡ್ಕಂಡು ಹೋತಲ್ಲೋ" ಎಂದು ಒಬ್ಬ ಕೂಗಿದ. ಮಾವ ಅಂದು ಊಟ ಮಾಡಲಿಲ್ಲ.

ಮರುದಿನ ಅವ್ವ ಕಂಬಳಿಗಳನ್ನು ಹೊತ್ತು ನೇಕಾರರ ಕೇರಿಗೆ ಹೋಗಿದ್ದಾಗ ಅವನು ಅಂಗಳದ ಮಡಕೆಯಿಂದ ಒಂದು ಕರಟ ಗಂಜಿ ತೋಡಿಕೊಂಡು ಬಂದ. ಹೊಸದಾಗಿ ಹುರಿ ಮಾಡಿದ ಉಣ್ಣೆ ದಾರವೂ ಇತ್ತು. "ಈ ದಾರದ ತುದಿ ಒತ್ತಿ ಹಿಡ್ಕೊ, ಮೊದಲ ಸುತ್ತು ಜಾರಬಾರದು," ಎಂದ. ನಾನು ಹಿಡಿದೆ. ಅವನು ಕೋಲಿನ ಎರಡು ತುಂಡು ಸೇರುವ ಕಡೆ ಗಂಜಿ ಬಳಿಯುತ್ತ, ದಾರವನ್ನು ಬಿಗಿದು ಬಿಗಿದು ಸುತ್ತುತ್ತ ಹೋದ. ಕಂಬಳಿಯನ್ನೇ ಹಲಗೆಯಂತೆ ಬಿರುಸು ಮಾಡುವ ಗಂಜಿ ಅದು. ಬಿಸಿಲಲ್ಲಿ ಒಣಗಿದ ಮೇಲೆ ನೀರು ಇಳಿಯದಂತೆ ಮೇಣ ಸವರಿ ಕಪ್ಪು ಬಟ್ಟೆಯ ಪಟ್ಟಿ ಸುತ್ತಿದ. ಎಳೆದು ನೋಡಿದ, ನನ್ನಿಂದಲೂ ಎಳೆಸಿ ನೋಡಿದ. ಅಲುಗಲಿಲ್ಲ.

"ಅವ್ವಂಗೆ ಹೇಳ್ಬ್ಯಾಡ," ಎಂದ.

ನಾನು ತಲೆಯಾಡಿಸಿದೆ. ಹೇಳಿದರೆ ಜಗಳವಾಗುತ್ತದೆ, ಮಾವ ಮತ್ತೆ ಊಟ ಬಿಡುತ್ತಾನೆ ಎಂಬ ಭಯ ಒಂದು ಕಡೆ. ಹೇಳದಿದ್ದರೆ ಎಂಬ ಭಯ ಇನ್ನೊಂದು ಕಡೆ. ಎರಡರಲ್ಲಿ ಸಣ್ಣ ಭಯಕ್ಕೇ ಸೋತು, ಅವ್ವನಿಗೆ ಹೇಳಲಿಲ್ಲ. ಮುಂದಿನ ಹನ್ನೆರಡು ದಿನ ಶಾಲೆಯಲ್ಲಿ ಯಾರು ಬಾಗಿಲಿಗೆ ಬಂದರೂ ನನ್ನನ್ನೇ ಕರೆಯಲು ಬಂದರೆಂದು ಬೆಚ್ಚುತ್ತಿದ್ದೆ. ಅವ್ವ ಕಪ್ಪು ಪಟ್ಟಿಯನ್ನು ನೋಡಿದ್ದಳು, ಕೈಹಿಡಿತಕ್ಕೆ ಸುತ್ತಿರಬೇಕು ಎಂದುಕೊಂಡು ಸುಮ್ಮನಾಗಿದ್ದಳು.

ಹದಿಮೂರನೆಯ ದಿನ ಭಾನುವಾರ. ನಾನು ಏರಿಯ ಮೇಲೆ ಕುಳಿತಿದ್ದೆ. ತೆಪ್ಪ ನಡುನೀರಿಗಿಂತ ಸ್ವಲ್ಪ ಈಚೆಗಿತ್ತು, ನರಸಿಂಹುಲು ಬೆನ್ನು ಹಾಕಿ ಬಲೆ ಬಿಡಿಸುತ್ತಿದ್ದ. ಮಾವನ ಕೋಲು ಬಾಗುವುದು ಕಂಡಿತು. ಅದು ಮೀನಿನ ಹಾಗೆ ಅತ್ತಿತ್ತ ಆಡಲಿಲ್ಲ, ಒಂದೇ ಕಡೆಗೆ ಬಾಗಿ ನಿಂತಿತು. ಮಾವ ಎರಡೂ ಕೈಯಲ್ಲಿ ಎಳೆದ. ಇನ್ನಷ್ಟು ಎಳೆದ. ಆಮೇಲೆ ಆಣೆ ಮರೆತು ಎದ್ದು ನಿಂತ. ಕಳಚಿಕೊಳ್ಳಲಿ, ಈಗ ಕಳಚಿಕೊಳ್ಳಲಿ ಎಂದು ನಾನು ಮನಸ್ಸಿನಲ್ಲೇ ಕೂಗುತ್ತಿದ್ದೆ. ಸಾಹೇಬರ ಅಂಗಡಿಯಲ್ಲಾದರೆ ಅದು ಇಷ್ಟರಲ್ಲಿ ಎರಡು ಸಲ ಕಳಚಿರುತ್ತಿತ್ತು. ನರಸಿಂಹುಲು ತಿರುಗಿ ನೋಡಿ, ಕುಳಿತುಕೋ, ಏಳಬೇಡ ಎಂದು ತನ್ನ ತೆಲುಗಿನಲ್ಲಿ ಅರಚಿದ್ದು ಏರಿಯವರೆಗೂ ಕೇಳಿಸಿತು. "ಕೂಸೋ, ಲೇವಕು." ತೆಪ್ಪದ ಒಂದು ಅಂಚು ಮೇಲೆದ್ದು, ಅದರ ಟಾರು ಬಳಿದ ತಳ ಬಿಸಿಲಿಗೆ ಒಮ್ಮೆ ಹೊಳೆಯಿತು. ನರಸಿಂಹುಲು ಈಜಿ ಮೇಲೆ ಬಂದ, ಮತ್ತೆ ಮುಳುಗಿದ, ಮತ್ತೆ ಬಂದ. ಪ್ರತಿ ಸಲವೂ ಒಬ್ಬನೇ ಬಂದ. ಮಾವನನ್ನು ಮರುದಿನ ಜಾಲಿಯ ಕೊಂಬೆಗಳ ನಡುವಿನಿಂದ ಬಿಡಿಸಿ ತಂದರು. ಕೋಲು ಅವನ ಕೈಯಲ್ಲೇ ಇತ್ತು ಎಂದು ಜನ ಪಿಸುಗುಟ್ಟುವುದು ನನ್ನ ಕಿವಿಗೆ ಬಿತ್ತು.

ಕಾರ್ಯಗಳೆಲ್ಲ ಮುಗಿದ ಮೇಲೆ ನರಸಿಂಹುಲು ಬಂದು ಕೋಲನ್ನು ಮನೆಯ ಗೋಡೆಗೆ ಒರಗಿಸಿ ಹೊರಟುಹೋದ. ಅವ್ವ ಅದನ್ನು ಎತ್ತಿಕೊಂಡಳು. ಆಮೇಲೆ ಹೊಸ್ತಿಲ ಮೇಲೆ ಕುಳಿತು ಕಪ್ಪು ಪಟ್ಟಿ ಬಿಚ್ಚಿದಳು, ಮೇಣ ಕೆರೆದಳು. ಗಂಜಿಯನ್ನು ಉಗುರಿನಿಂದ ಎಬ್ಬಿಸಿ ಮೂಗಿನ ಹತ್ತಿರ ಹಿಡಿದಳು. ಅವಳಿಗೆ ತನ್ನ ಗಂಜಿ ಗೊತ್ತಾಗದೆ ಇರುತ್ತದೆಯೇ. ದಾರವನ್ನು ಒಂದೊಂದೇ ಸುತ್ತು ಬಿಚ್ಚಿ ಮಡಿಲಲ್ಲಿ ಹಾಕಿಕೊಂಡಳು. ಅಷ್ಟಕ್ಕೇ ನಿಲ್ಲಿಸುತ್ತಾಳೆಂದುಕೊಂಡೆ. ಆದರೆ ಅವಳು ಕೋಲನ್ನು ಮೊಣಕಾಲುಗಳ ನಡುವೆ ಒತ್ತಿಕೊಂಡು ಅದೇ ದಾರವನ್ನು ಮತ್ತೆ ಸುತ್ತಲು ನೋಡಿದಳು. ಮೊದಲ ಸುತ್ತು ಜಾರಿತು. ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ನೋಡಿದಳು, ಆಗಲೂ ಜಾರಿತು. ಮೂರನೆಯ ಸಲವೂ ಜಾರಿತು, ತುದಿ ಒತ್ತಿ ಹಿಡಿಯಲು ಇನ್ನೊಬ್ಬರ ಕೈ ಬೇಕಿತ್ತು. ಅವಳ ಕೈ ನಿಂತಿತು. ನಾನು ನಡುಮನೆಯ ಕಂಬಕ್ಕೆ ಅಂಟಿಕೊಂಡು ನಿಂತಿದ್ದೆ. ಅವಳು ತಿರುಗಿ ನೋಡಲಿಲ್ಲ.

"ಹಂಡೇಲಿ ನೀರು ಕಾದೈತೆ," ಎಂದಳು, ಅಂಗಳವನ್ನೇ ನೋಡುತ್ತ. "ಹೋಗಿ ತಲೆ ಮ್ಯಾಲೆ ಹಾಕ್ಕೊ. ನಾಳೆಯಿಂದ ಶಾಲಿಗೆ ಹೋಗ್ಬೇಕು."

ಆ ಮೇಲೆ ಅವಳು ಕಂಬಳಿಗೆ ಗಂಜಿ ಹಾಕಲಿಲ್ಲ. ಕೇಳಿದವರಿಗೆ ಬೆನ್ನು ನೋವು ಎಂದಳು, ಶೇಂಗಾ ಬಿಡಿಸುವ ಕೂಲಿಗೆ ಹೋದಳು. ಕೆರೆ ಎರಡು ವರ್ಷದಲ್ಲಿ ಬತ್ತಿತು, ಮನೆಯೂ ಬಿತ್ತು, ನಾವು ಚಳ್ಳಕೆರೆಗೆ ಬಂದೆವು. ಅವ್ವ ಇನ್ನೂ ಇಪ್ಪತ್ತು ವರ್ಷ ನನ್ನ ಜೊತೆಗೇ ಬದುಕಿದಳು. ನನ್ನ ಮದುವೆ ಮಾಡಿದಳು, ಬಾಣಂತನ ಮಾಡಿದಳು, ಕೊನೆಯ ದಿನಗಳಲ್ಲಿ ನನ್ನ ಕೈಯಿಂದಲೇ ಗುಟುಕು ನೀರು ಕುಡಿದಳು. ದಾರ ಹಿಡಿದವರು ಯಾರು ಎಂದು ಒಂದು ದಿನವೂ ಕೇಳಲಿಲ್ಲ. ಇಂದು ಕೇಳುತ್ತಾಳೆ, ನಾಳೆ ಕೇಳುತ್ತಾಳೆ ಎಂದು ನಾನು ಇಪ್ಪತ್ತು ವರ್ಷ ಹೆದರಿದೆ. ಎಲ್ಲಿ ನಾನೇ ಹೇಳಿಬಿಡುತ್ತೇನೋ ಎಂದು ಅವಳೂ ಅಷ್ಟೇ ವರ್ಷ ಹೆದರಿದ್ದಳೆಂದು ಈಗ ಅನಿಸುತ್ತದೆ.