ಹಾಸಿಗೆಗೆ ಹೆದರಿ ಹಿಡಿದ ಒಪ್ಪತ್ತು

ಮಸ್ಕಿಯ ನಮ್ಮ ಓಣಿಯಲ್ಲಿ ಒಂದು ಕಾಲಕ್ಕೆ ನಾನು ದೊಡ್ಡ ಭಕ್ತೆ ಎಂದು ಹೆಸರಾಗಿದ್ದೆ. ಹೊಸ ಸೊಸೆಯರಿಗೆ ಬುದ್ಧಿ ಹೇಳುವಾಗ ಹೆಂಗಸರು ನನ್ನ ಕಡೆ ಕೈ ತೋರಿಸುತ್ತಿದ್ದರು. ಆದರೆ ಆ ದೇವರಿಗೇ ಗೊತ್ತು, ನನಗೆ ಅವನ ಮೇಲೆ ಇದ್ದದ್ದು ಭಕ್ತಿಯಲ್ಲ, ಅವನ ಬೆನ್ನ ಹಿಂದೆ ಅಡಗಿ ಕೂಡುವ ಗರಜು.

ನನ್ನ ಮದುವೆಯಾದದ್ದು ಎಂಬತ್ತರ ದಶಕದ ನಡುವಿನಲ್ಲಿ. ಗುರುಗುಂಟಾದವಳಾದ ನಾನು ಕಾಲೇಜು ಮುಗಿಸಿದ್ದೆ, ಎಲ್ಲ ತಿಳಿದವಳೆಂಬ ಜಂಬವೂ ಇತ್ತು. ಗಂಡ ಸಿಂಧನೂರಿನ ಕಚೇರಿಯೊಂದರಲ್ಲಿ ಗುಮಾಸ್ತರು. ಬೆಳಿಗ್ಗೆ ಬಸ್ಸು ಹಿಡಿದು ಹೋದರೆ ಸಂಜೆಗೆ ಮಸ್ಕಿಗೆ ವಾಪಸು. ಬರುವಾಗ ಕೈಯಲ್ಲಿ ಹೂವಿನ ಪೊಟ್ಟಣ ಇರುತ್ತಿತ್ತು. ಆ ಪೊಟ್ಟಣ ಕಂಡರೆ ನನಗೆ ಸಂತೋಷವಾಗುವ ಬದಲು ಕೈಕಾಲು ತಣ್ಣಗಾಗುತ್ತಿದ್ದವು.

ಕಾರಣ ಇಷ್ಟೇ. ಅವರೊಡನೆ ಕೂಡುವಾಗಲೆಲ್ಲ ನನಗೆ ತಡೆಯಲಾಗದ ನೋವು, ಆಮೇಲೆ ಮರುದಿನದವರೆಗೂ ಉರಿ. ಮದುವೆಗೆ ಮುಂಚೆ ಚಿಕ್ಕಮ್ಮ ನನ್ನನ್ನು ಮೂಲೆಗೆ ಕರೆದು, "ಮೊದಮೊದಲು ನೋವು ಆಗತೈತಿ. ಹಲ್ಲು ಕಚ್ಚಿಕೊಂಡು ಇರು, ಆಮ್ಯಾಲೆ ರೂಢಿ ಆಗತೈತಿ" ಎಂದಿದ್ದಳು. ನಾನು ದೊಡ್ಡವರ ಮಾತು ಮೀರುವವಳಲ್ಲ. ಹಲ್ಲು ಕಚ್ಚಿದೆ. ವರ್ಷ ಕಳೆದರೂ ರೂಢಿಯಾದದ್ದು ಹಲ್ಲು ಕಚ್ಚುವುದು ಮಾತ್ರ. ಎಮ್ಮೆ ಹಾಲು ಕೊಡದಿದ್ದರೆ ಓಣಿಗೆಲ್ಲ ಹೇಳಿಕೊಂಡು ಬರಬಹುದು, ಇದನ್ನು ಯಾರಿಗೆ ಹೇಳುವುದು? ದೇವರು ನನ್ನ ಮೈಯನ್ನೇ ತಪ್ಪಾಗಿ ಕಟ್ಟಿದ್ದಾನೆ, ಗೊತ್ತಾದರೆ ಇವರು ನನ್ನನ್ನು ತವರಿಗೆ ಅಟ್ಟುತ್ತಾರೆ ಎಂದು ನಂಬಿದ್ದೆ.

ದಾರಿ ತೋರಿಸಿದವರು ಅತ್ತೆ, ಅವರಿಗೇ ತಿಳಿಯದಂತೆ. ಅವರು ಸೋಮವಾರ, ಶುಕ್ರವಾರ, ಶನಿವಾರ ಒಪ್ಪತ್ತು ಇರುತ್ತಿದ್ದರು. ಒಂದೇ ಹೊತ್ತು ಊಟ, ಮಡಿ, ಮತ್ತು ಮುಖ್ಯವಾಗಿ ಬೇರೆ ಹಾಸಿಗೆ. ಆ ದಿನಗಳಲ್ಲಿ ಮಾವ ಅಂಗಳದ ಹೊರಸಿನ ಮೇಲೆ, ಅತ್ತೆ ದೇವರ ಕೋಣೆಯಲ್ಲಿ. ಅದನ್ನು ಕಂಡ ದಿನ ನನ್ನ ತಲೆಯಲ್ಲಿ ದೀಪ ಹತ್ತಿತು. ಮರುವಾರವೇ ಈಶ್ವರನ ಹೆಸರಿನಲ್ಲಿ ಸೋಮವಾರ ಹಿಡಿದೆ. ಸೋಮವಾರ ಸಾಲಲಿಲ್ಲ. ಅಮ್ಮನವರ ಮಂಗಳವಾರ, ಲಕ್ಷ್ಮಿಯ ಶುಕ್ರವಾರ, ಹನುಮಪ್ಪನ ಶನಿವಾರ ಒಂದರ ಹಿಂದೆ ಒಂದು ಬಂದವು. ಗುರುವಾರಕ್ಕೆ ಯಾವ ಗುರು ಎಂದು ಯಾರೂ ಕೇಳಲಿಲ್ಲ, ನನಗೂ ಗೊತ್ತಿರಲಿಲ್ಲ.

ಅತ್ತೆಗೆ ಹಿಗ್ಗೋ ಹಿಗ್ಗು. "ನಮ್ಮ ಸೊಸಿ ಅಂದ್ರ ಸಾಮಾನ್ಯ ಅಲ್ಲವ್ವ" ಎಂದು ಬಾವಿಕಟ್ಟೆಯಲ್ಲಿ ಸಾರಿದರು. ಒಂದು ಶುಕ್ರವಾರ ಹಸಿವಿಗೆ ಕಣ್ಣು ಕತ್ತಲಿಟ್ಟು ದೇವರ ಮುಂದೆಯೇ ಬಿದ್ದೆ. ಎಚ್ಚರವಾಗಿ ನೋಡಿದರೆ ಹಣೆ ತುಂಬ ಕುಂಕುಮ, ಸುತ್ತ ಕೈಮುಗಿದ ಹೆಂಗಸರು. ಮೈಮೇಲೆ ದೇವಿ ಬಂದಿದ್ದಾಳೆಂದು ಪಾಮನಕಲ್ಲೂರಿನಿಂದ ಬಂದಿದ್ದ ಬೀಗಿತ್ತಿಯೊಬ್ಬರು ಮಗಳಿಗೆ ಯಾವಾಗ ವರ ಸಿಗುತ್ತಾನೆಂದು ಕೇಳಿಯೇಬಿಟ್ಟರು. ನಾನು "ಹಸಿವು" ಎಂದೆ. ದೇವಿಗೆ ನೈವೇದ್ಯ ಬೇಕಂತೆ ಎಂದು ಹೋಳಿಗೆ ಮಾಡಿ ತಂದರು. ನಾಚಿಕೆಯಿಲ್ಲದೆ ತಿಂದೆ. ಆ ಹೋಳಿಗೆಯ ರುಚಿ ಇನ್ನೂ ನಾಲಿಗೆಯ ಮೇಲಿದೆ.

ಹಾಗೆ ವಾರದಲ್ಲಿ ಉಳಿದದ್ದು ಬುಧವಾರ, ಭಾನುವಾರ. ಭಾನುವಾರಕ್ಕೆ ಮಲ್ಲಯ್ಯನನ್ನು ಹೊಂದಿಸುವ ಯೋಚನೆಯಲ್ಲಿದ್ದಾಗ, ಒಂದು ಮುಂಜಾನೆ ಗಂಡ ಅಂಗಿ ಗುಂಡಿ ಹಾಕಿಕೊಳ್ಳುತ್ತ ಕೇಳಿದರು.

"ಬುಧವಾರಕ್ಕ ದೇವರು ಸಿಗವಲ್ಲನೇನು ನಿನಗ?"

ನಾನು ನಕ್ಕೆ. ಅವರು ನಗಲಿಲ್ಲ.

"ಗುರುಗುಂಟಾಕ್ಕ ಬಿಟ್ಟು ಬರ್ಲೇನು? ನಾ ಬ್ಯಾಡಾದ್ರ ಬಾಯಿ ಬಿಟ್ಟು ಹೇಳು. ದೇವರ ಕಡೆಯಿಂದ ಯಾಕ ಹೇಳಿ ಕಳಸ್ತಿ?"

ಹೇಳಿದರೆ ಬಿಡುತ್ತಾರೆಂದು ಇಷ್ಟು ದಿನ ಹೆದರಿದ್ದೆ, ಹೇಳದೆಯೇ ಅವರು ಕೈತಪ್ಪುತ್ತಿದ್ದರು. "ನೀವು ಬ್ಯಾಡ ಅಲ್ರೀ, ನನಗ ಭಾಳ ನೋವು ಆಗತೈತ್ರಿ, ಮೊದಲಿಂದ್ಲೂ" ಎಂದು ಅತ್ತುಬಿಟ್ಟೆ. ಅವರು ಬಸ್ಸನ್ನೂ ಮರೆತು ಅಲ್ಲೇ ಕುಳಿತರು. "ನಾ ಎಂಥಾ ಹುಂಬ, ನನಗ ಗೊತ್ತೇ ಆಗಲಿಲ್ಲಲ್ಲ" ಎಂದರು.

ಆ ವಾರವೇ ಲಿಂಗಸುಗೂರಿನ ಹೆಣ್ಣು ಡಾಕ್ಟರ ಹತ್ತಿರ ಹೋದೆವು. ನಾನು ಹೊಟ್ಟೆನೋವು ಎಂದು ಶುರುಮಾಡಿ ತಲೆನೋವಿನವರೆಗೂ ಸುತ್ತಿ ಬಂದೆ. ಅವರು ಸುಮ್ಮನೆ ಕೇಳಿಸಿಕೊಂಡು, "ಗಂಡನ ಜೊತೆ ಇರುವಾಗ ನೋವಾಗುತ್ತದೇನಮ್ಮ?" ಎಂದರು. ಇಷ್ಟು ಸಲೀಸಾಗಿ ಕೇಳಬಹುದಾದ ಮಾತೇ ಇದು! ನನ್ನನ್ನು ಕೇಳಿಕೊಂಡೇ ಪರೀಕ್ಷೆ ಮಾಡಿದರು. ಸ್ವಲ್ಪ ಸೋಂಕಿತ್ತು, ಅದಕ್ಕೆ ಗುಳಿಗೆ ಕೊಟ್ಟರು. ಉಳಿದದ್ದನ್ನು ಗಂಡನನ್ನೂ ಕೂಡಿಸಿಕೊಂಡು ಹೇಳಿದರು. ಮೈ ಕಟ್ಟಿದ್ದರಲ್ಲಿ ತಪ್ಪೇನೂ ಇಲ್ಲ. ನೋವಾಗುತ್ತದೆಂಬ ಹೆದರಿಕೆಗೆ ಅಲ್ಲಿಯ ಸ್ನಾಯು ತಾನಾಗಿ ಬಿಗಿಯುತ್ತದೆ, ಬಿಗಿದಷ್ಟೂ ನೋವು, ನೋವಾದಷ್ಟೂ ಹೆದರಿಕೆ. ಹಲ್ಲು ಕಚ್ಚುವುದೇ ಮೊದಲನೆಯ ತಪ್ಪು. ಕೆಲವು ತಿಂಗಳು ಕೂಡುವುದನ್ನೇ ಬಿಟ್ಟು ಬರೀ ಹತ್ತಿರ ಇರಿ ಎಂದರು. ಉಸಿರು ನಿಧಾನ ಬಿಡುತ್ತ ಆ ಸ್ನಾಯು ಸಡಿಲ ಮಾಡುವುದನ್ನು ನನಗೆ ಕಲಿಸಿದರು, ಜಾರಲು ಹಚ್ಚುವ ಜೆಲ್ಲಿ ಕೊಟ್ಟರು. ಗಂಡನಿಗೆ, "ಅವರು ಸಾಕು ಅಂದ ಕೂಡಲೇ ಸಾಕು" ಎಂದರು. ಸ್ಟೂಲಿನ ತುದಿಯಲ್ಲಿ ಕುಳಿತಿದ್ದ ಅವರು ಸಾಹೇಬರ ಮುಂದೆ ನಿಂತವರಂತೆ ತಲೆ ಆಡಿಸಿದರು.

ಒಂದೇ ದಿನಕ್ಕೆ ಗುಣವಾಯಿತೆಂದರೆ ಸುಳ್ಳು. ಎರಡು ಹೆಜ್ಜೆ ಮುಂದೆ ಹೋಗಿ ಒಂದು ಹೆಜ್ಜೆ ಹಿಂದೆ ಬಂದೆ, ಮತ್ತೆ ಮತ್ತೆ ಲಿಂಗಸುಗೂರಿಗೆ ಹೋದೆ. ಆದರೆ ಹೂವಿನ ಪೊಟ್ಟಣ ಕಂಡರೆ ಕೈಕಾಲು ತಣ್ಣಗಾಗುವುದು ನಿಂತಿತು. ನನ್ನ ದೇವರುಗಳು ಒಬ್ಬೊಬ್ಬರಾಗಿ ರಜೆ ಹೋದರು.

ಕೊನೆಗೆ ಒಂದು ಸೋಮವಾರ ಬೆಳಿಗ್ಗೆಯೇ ಒಲೆಯ ಮುಂದೆ ಕುಳಿತು ಬಿಸಿ ರೊಟ್ಟಿ ಮುರಿದೆ. ರೊಟ್ಟಿ ಬಡಿಯುತ್ತಿದ್ದ ಅತ್ತೆ ನೋಡಿದರು.

"ಸೋಮವಾರನೂ ಬಿಟ್ಟೇನು? ಮಂದಿ ಏನಂದಾರು? ಆ ಡಾಕ್ಟರು ಒಪ್ಪತ್ತು ಬಿಡು ಅಂದಾಳೇನು?"

ಬೈಗುಳಕ್ಕೆ ತಯಾರಾಗಿಯೇ ಎಲ್ಲ ಹೇಳಿದೆ. ನೋವು, ಹೆದರಿಕೆ, ಗುಳಿಗೆ, ಏನನ್ನೂ ಬಿಡಲಿಲ್ಲ. ಬಡಿಯುತ್ತಿದ್ದ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಸೀಯುತ್ತಿದ್ದರೂ ಅವರು ತಿರುವಿಹಾಕಲಿಲ್ಲ.

"ಅದಕ್ಕ ಔಷಧ ಐತೇನು?"

"ಐತ್ರಿ ಅತ್ತಿ."

ಅವರು ಸೀದ ರೊಟ್ಟಿಯನ್ನು ಹಂಚಿನಿಂದ ತೆಗೆದಿಟ್ಟರು. "ನಾನೂ ಮೊದಲಿಗೆ ಸೋಮವಾರನ ಹಿಡದಿದ್ದೆ," ಎಂದರು. "ನಮಗ ಯಾರೂ ಹೇಳಲಿಲ್ಲವ್ವ."

ಅಂಗಳದಲ್ಲಿ ಮಾವ ಹೊರಸಿನ ಮೇಲೆ ಕುಳಿತು ಕೆಮ್ಮುತ್ತಿದ್ದರು. ನಾನು ಒಂದು ರೊಟ್ಟಿ ತೆಗೆದು, ಪಲ್ಯ ಹಾಕಿ ಅತ್ತೆಯ ಮುಂದಿಟ್ಟೆ. ಸೋಮವಾರವಾಗಿದ್ದರೂ ಅವರು ಬೇಡವೆನ್ನಲಿಲ್ಲ.