ಹೊಗಳಿದ ಅರ್ಧ ಮಾತ್ರ ಕುರುಗೋಡು ತಲುಪಿತು

ಬಳ್ಳಾರಿಯಲ್ಲಿ ನಾವು ಕೆಲವರು ಸೇರಿ ನಡೆಸುವ ಓದುಗರ ಕೂಟಕ್ಕೆ ಒಂದು ವಿಚಿತ್ರ ನಿಯಮವಿದೆ. ತಿಂಗಳಿಗೊಂದು ಪುಸ್ತಕ, ಒಬ್ಬರು ಪರ, ಒಬ್ಬರು ವಿರೋಧ. ವಿರೋಧಿಸುವವರು ಮೊದಲು ಆ ಪುಸ್ತಕವನ್ನು ಹೊಗಳಬೇಕು. ಪರ ವಹಿಸಿದವರಿಗೆ ತೃಪ್ತಿಯಾಗಿ ಅವರು “ಸಾಕು” ಅನ್ನುವವರೆಗೆ ಹೊಗಳುತ್ತಲೇ ಇರಬೇಕು. ಬೈಯಲು ಅಪ್ಪಣೆ ಸಿಗುವುದು ಆಮೇಲೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಮಾತನ್ನು ಸೊಟ್ಟ ಮಾಡಿ ಹೇಳಿ, ಆ ಸೊಟ್ಟ ಮಾತನ್ನೇ ಸೋಲಿಸಿ ಬಹುಮಾನದ ಕಪ್ ಹೊತ್ತು ತಂದವಳು ನಾನು. ಆದ್ದರಿಂದಲೋ ಏನೋ, ಈ ನಿಯಮ ನನಗೆ ಬಹಳ ಹಿಡಿಸಿತ್ತು. ಈಗಲೂ ಅದು ಸರಿಯಾದ ನಿಯಮವೆಂದೇ ವಾದಿಸುತ್ತೇನೆ. ನಮ್ಮ ಅಪ್ಪ ಅವ್ವ ಫೋನ್ ರಿಂಗಾದರೆ ಬೆಚ್ಚುವಂತಾಗಿದ್ದು ಅದೇ ನಿಯಮದಿಂದ, ಆ ಮಾತು ಬೇರೆ.

ಆ ತಿಂಗಳ ಪುಸ್ತಕ ಅಪರಾಧಿ ಕುಟುಂಬವೊಂದರ ಹಳೆಯ ಹೆಸರಾಂತ ಕಾದಂಬರಿ. ಯಾವುದೆಂದು ಹೇಳುವುದಿಲ್ಲ, ಈ ಜಾತಿಯ ಕಾದಂಬರಿಗಳೆಲ್ಲ ಒಂದೇ ಮನೆಯ ಮಕ್ಕಳಿದ್ದಂತೆ. ಮನೆಗೊಬ್ಬ ಯಜಮಾನ, ಅವನ ಮಾತು ಮೆಲ್ಲಗೆ. ಬಾಗಿಲಲ್ಲಿ ಕಷ್ಟ ಹೇಳಿಕೊಳ್ಳಲು ಬಂದವರು. ಒಳಗೆ ಅಡುಗೆಯ ಘಮ, ಹೊರಗೆ ಹೆಣ. ಪರ ಮಾತಾಡುವವರು ನಮ್ಮ ಕೂಟದ ಹಿರಿಯರು, ಹೈಸ್ಕೂಲಿನ ಕನ್ನಡ ಮೇಷ್ಟ್ರು. ವಿರೋಧ ನನ್ನದು.

ಹೊಗಳಿದೆ. ಈ ಕಾದಂಬರಿಯ ಬಲ ಬಂದೂಕಿನಲ್ಲಿಲ್ಲ, ಕುರ್ಚಿಯಲ್ಲಿದೆ ಎಂದೆ. ಲೇಖಕ ನಮ್ಮನ್ನು ಮೊದಲ ಪುಟದಲ್ಲೇ ಯಜಮಾನನ ಪಕ್ಕದ ಕುರ್ಚಿಯಲ್ಲಿ ಕೂರಿಸುತ್ತಾನೆ. ಅಲ್ಲಿಂದ ನೋಡಿದರೆ ಬಂದವರೆಲ್ಲ ಪಾಪದವರು, ಯಜಮಾನ ಒಬ್ಬನೇ ಕಿವಿಯಿರುವವನು. ಕಚೇರಿ ಕೇಳದ್ದನ್ನು ಅವನು ಕೇಳುತ್ತಾನೆ. ಓದುತ್ತಾ ಓದುತ್ತಾ ನಮಗೂ ಇಂಥವನೊಬ್ಬ ಇದ್ದಿದ್ದರೆ ಅನ್ನಿಸುತ್ತದಲ್ಲ, ಆ ಆಸೆಯನ್ನು ಹುಟ್ಟಿಸುವುದು ಸಣ್ಣ ಕೆಲಸವಲ್ಲ ಎಂದೆ.

ಮೇಷ್ಟ್ರು ತಲೆಯಾಡಿಸಿದರು. “ಇನ್ನೂ ಹೇಳವ್ವಾ. ಹೊಟ್ಟಿ ತುಂಬಿಲ್ಲ.”

“ಸಾರ್, ನೀವು ಎಷ್ಟ್ ಉಣ್ತೀರಿ!”

“ನೀ ಬರೇ ಉಪ್ಪಿನಕಾಯಿ ಬಡಿಸಾಕತ್ತಿ. ಅನ್ನ ಹಾಕು.”

ಎಲ್ಲರೂ ನಕ್ಕರು. ನನಗೆ ಸ್ಪರ್ಧೆಯ ಹುರುಪು ಏರಿತು. ಅನ್ನ ಹಾಕಿದೆ. ನಮ್ಮ ಮನೆಯ ಕಥೆಯನ್ನೇ ಹೇಳಿದೆ.

ನಮ್ಮ ಗದ್ದೆ ತೆಕ್ಕಲಕೋಟೆಯ ಆಚೆ, ಉಪಕಾಲುವೆಯ ಕೊನೆಯಲ್ಲಿದೆ. ಮೇಲಿನವರು ಬಿಟ್ಟರೆ ನಮಗೆ ನೀರು. ಕೆಲವು ವರ್ಷಗಳ ಹಿಂದೆ, ಭತ್ತ ತೆನೆ ಬಿಡುವ ಹೊತ್ತಿಗೆ, ಮೇಲಿನ ಗದ್ದೆಯವನು ಕಾಲುವೆಗೆ ಅಡ್ಡ ಕಲ್ಲು ಮಣ್ಣು ಹಾಕಿ ನಮ್ಮ ಪಾಳಿಯ ನೀರನ್ನೂ ತಿರುಗಿಸಿಕೊಂಡ. ಅಪ್ಪ ಸಿರುಗುಪ್ಪದ ನೀರಾವರಿ ಕಚೇರಿಗೆ ಅಲೆದರು. ಅಲ್ಲಿಯವರು “ನೋಡೋಣ” ಅಂದರು. ಕೊನೆಗೆ ಯಾರೋ ಹೇಳಿದರೆಂದು ಅಪ್ಪ ಕುರುಗೋಡಿಗೆ ಹೋದರು. ಅಲ್ಲೊಬ್ಬ ಧಣಿ ಇದ್ದಾರೆ. ಅವರು ಏನು ಉದ್ಯೋಗ ಮಾಡುತ್ತಾರೆಂದು ನಮ್ಮ ಕಡೆ ಯಾರೂ ಕೇಳುವುದಿಲ್ಲ. ಅವರಿಗೆ ಹೇಳಿದರೆ ಆಗುತ್ತದೆ, ಅಷ್ಟು ಗೊತ್ತು. ಅಪ್ಪ ಮರ್ಯಾದೆಗೆಂದು ಒಂದು ನಿಂಬೆಹಣ್ಣು ಕೈಗಿಟ್ಟು ಕಷ್ಟ ಹೇಳಿಕೊಂಡರು. ಮಾರನೆಯ ಬೆಳಿಗ್ಗೆ ಗದ್ದೆಯಲ್ಲಿ ನೀರು ನಿಂತಿತ್ತು. ಧಣಿ ಪ್ರತಿಯಾಗಿ ಏನೂ ಕೇಳಲಿಲ್ಲ, ಇವತ್ತಿನವರೆಗೂ.

“ಆ ನೀರು ನೋಡಿ ನಮ್ಮವ್ವ ಅತ್ತಳು. ಈ ಕಾದಂಬರಿಯ ಬಲ ಆ ಅಳುವಿನಲ್ಲಿದೆ. ದೇವರಂಥ ಮನುಷ್ಯ ಎಂದು ನಮ್ಮವ್ವ ಅಂದದ್ದನ್ನೇ ಈ ಲೇಖಕ ನೂರಾರು ಪುಟ ಬರೆದಿದ್ದಾನೆ” ಎಂದೆ.

“ಸಾಕು!” ಎಂದರು ಮೇಷ್ಟ್ರು.

ಆಮೇಲೆ ಬೈದೆ. ಈ ಕಾದಂಬರಿಯಲ್ಲಿ ಸತ್ತವರಿಗೆ ತಾಯಂದಿರಿಲ್ಲ ಎಂದೆ. ಮಾತು ಗಂಭೀರವಾಗುವ ಹೊತ್ತಿಗೆ ಹೆಂಗಸರ ಮುಖದ ಮೇಲೆ ಬಾಗಿಲು ಮುಚ್ಚುತ್ತದೆ, ಲೇಖಕನೂ ಗಂಡಸರ ಕಡೆಯೇ ಉಳಿದುಬಿಡುತ್ತಾನೆ. ಮಕ್ಕಳು ಕೆಟ್ಟರೆ ಅದು ಹಣೆಬರಹ, ಯಜಮಾನನ ತಪ್ಪಲ್ಲ. ಉಪಕಾರ ಪಡೆದವನ ಕಥೆ ಇದೆ, ಆ ಉಪಕಾರಕ್ಕಾಗಿ ಯಾರ ಕೈ ತಿರುಚಿದರೋ ಅವನ ಕಥೆ ಇಲ್ಲ. ನಮ್ಮ ನೀರಿನ ಕಥೆಯೂ ಹಾಗೇ ಇದೆ, ಮೇಲಿನ ಗದ್ದೆಯವನಿಗೆ ಏನಾಯಿತೆಂದು ನಾವು ಕೇಳಲಿಲ್ಲ, ಅದಕ್ಕೇ ಅದು ಇಷ್ಟು ಚಂದ ಇದೆ ಎಂದೆ. ಚಪ್ಪಾಳೆ ಬಿತ್ತು. ಚಾ ಕುಡಿದು ಎದ್ದೆವು.

ಕೂಟದ ಗೆಳೆಯನೊಬ್ಬ ಅದನ್ನೆಲ್ಲ ಫೋನಿನಲ್ಲಿ ಹಿಡಿದಿದ್ದ. ಸ್ಟೇಟಸ್‌ಗೆ ಹಾಕಲು ಹಿಡಿಸುವಷ್ಟು ಕತ್ತರಿಸಿದ. ಅವನಿಗೆ ಚಂದ ಕಂಡದ್ದು ನೀರಿನ ಕಥೆ. “ದೇವರಂಥ ಮನುಷ್ಯ” ಎಂಬಲ್ಲಿಗೆ ತುಣುಕು ಮುಗಿಯುತ್ತಿತ್ತು. ಅದು ಒಂದು ಗುಂಪಿನಿಂದ ಇನ್ನೊಂದಕ್ಕೆ ಹಾರಿತು. ಅದರ ಮೇಲೆ ಯಾರೋ ಕೈಮುಗಿದ ಚಿತ್ರ ಹಚ್ಚಿದರು, ಹಿಂದೆ ಸಂಗೀತ ಸೇರಿಸಿದರು.

ಅಪ್ಪನ ಫೋನ್ ಬಂದಾಗ ನಾನು ಬಳ್ಳಾರಿಯ ಬಸ್ ನಿಲ್ದಾಣದಲ್ಲಿದ್ದೆ.

“ಏನ್ ಮಾತಾಡೀಯವ್ವಾ ನೀನು?”

“ಯಾಕಪ್ಪಾ?”

“ಕುರುಗೋಡಿನಿಂದ ಫೋನ್ ಬಂದಿತ್ತು. ಮಗಳನ್ನ ಕರ್ಕೊಂಡು ಬರ್ರಿ ಅಂದ್ರು. ಧಣೇರಿಗೆ ಭಾಳ ಖುಷಿ ಆಗೈತಂತ.”

ಖುಷಿ ಎಂಬ ಮಾತನ್ನು ಅಪ್ಪ ಸಾವಿನ ಸುದ್ದಿ ಹೇಳುವ ದನಿಯಲ್ಲಿ ಹೇಳಿದರು. ಅರ್ಧ ಮಾತಿಗೆ ಖುಷಿಯಾಗಿದ್ದರೆ, ಉಳಿದರ್ಧ ಯಾವತ್ತು ತಲುಪುತ್ತದೆ? ಗೆಳೆಯನ ಫೋನಿನಲ್ಲಿ ಅದು ಇನ್ನೂ ಇತ್ತು. ಸಿರುಗುಪ್ಪದ ಮನೆಗೆ ಬಂದು, ಉಳಿದದ್ದನ್ನೂ ಹಾಕಿಸಿಬಿಡುತ್ತೇನೆ, ಪೂರ್ತಿ ಕೇಳಲಿ ಎಂದಾಗ ಅವ್ವ ಮೊರ ಕೆಳಗಿಟ್ಟಳು.

“ಅರ್ಧಕ್ಕ ಇಷ್ಟಾತು. ಪೂರ್ತಿ ಹಾಕಿ ನಮ್ಮನ್ನ ಕಾಲುವಿಗೆ ಹಾಕ್ತೀಯೇನು?”

“ಅವ್ವಾ, ಒಳ್ಳೇರು ಅಂತ ನೀನ ಅಂದಿದ್ದಿ.”

“ಒಳ್ಳೇರು ಅಂದೀನಿ. ಅಂಜಿಕಿ ಇಲ್ಲ ಅಂತ ಯಾವಾಗ ಅಂದೀನಿ?”

ಚರ್ಚಾಸ್ಪರ್ಧೆಯಲ್ಲಿ ಯಾರೂ ನನಗೆ ಹಾಕದ ಪೆಟ್ಟು ಅದು. ಗೆಳೆಯನಿಗೆ ಫೋನ್ ಮಾಡಲಿಲ್ಲ.

ಅಪ್ಪನ ಬೈಕಿನ ಹಿಂದೆ ಕೂತು ಸಿರಿಗೇರಿಯ ಮೇಲೆ ಹಾಯ್ದು ಹೋದೆವು. ದಾರಿಯುದ್ದಕ್ಕೂ ಗದ್ದೆಗಳು ಹಸಿರಾಗಿದ್ದವು. ಅಪ್ಪ ಒಂದೇ ಮಾತು ಹೇಳಿದರು: “ಅವರು ಏನ್ ಕೇಳಿದ್ರೂ ಹೂಂ ಅನ್ನು. ನಿನ್ನ ವಾದ ಎಲ್ಲಾ ಬಳ್ಳಾರ್ಯಾಗ ಇಡು.”

ಕಾದಂಬರಿಯಲ್ಲಿ ಇಂಥ ಮನೆಗೆ ಎತ್ತರದ ಗೋಡೆ, ಕಾವಲು, ಕತ್ತಲೆ ಕೋಣೆ ಇರುತ್ತದೆ. ಇದು ಬೆಳಕಿನ ಮನೆ. ಅಂಗಳದಲ್ಲಿ ರಂಗೋಲಿ, ಪಡಸಾಲೆಯಲ್ಲಿ ಬಸವಣ್ಣನ ಫೋಟೋ, ಹಣೆಗೆ ವಿಭೂತಿ ಹಚ್ಚಿದ ಮುದುಕರೊಬ್ಬರು ಪೇಪರ್ ಮಡಚಿಟ್ಟು ಎದ್ದು ನಿಂತರು. ನನಗಾಗಿ ಎದ್ದು ನಿಂತರು! ಅಪ್ಪ ನಿಂಬೆಹಣ್ಣು ಕೊಟ್ಟರು. ಧಣಿ ಅದನ್ನು ತೆಗೆದುಕೊಂಡು ನನ್ನ ಕೈಗೇ ಇಟ್ಟರು.

“ಏಮ್ಮಾ, ಬಾಗುನ್ನಾವಾ?” ಎಂದು ತೆಲುಗಿನಲ್ಲಿ ಕ್ಷೇಮ ಕೇಳಿದರು. “ಕೂಡ್ರಿ, ಕೂಡ್ರಿ. ಏನ್ ಮಾತಾಡ್ತೀಯವ್ವಾ! ನಮ್ಮ ಮನಿ ಹೆಣ್ಮಕ್ಕಳು ಕೇಳಿ ಕಣ್ಣಾಗ ನೀರು ತಂದ್ರು.”

ಹೆಗಲಿಗೆ ಟವೆಲ್ ಹಾಕಿದ್ದ, ಅಪ್ಪನ ವಯಸ್ಸಿನವನೊಬ್ಬ ಚಾ ತಂದಿಟ್ಟ. ಅಪ್ಪ ಲೋಟ ತೆಗೆದುಕೊಳ್ಳುವಾಗ ಚಾ ಪಂಚೆಯ ಮೇಲೆ ಚೆಲ್ಲಿಕೊಂಡರು. ಧಣಿಯ ಭಯ ಎಂದುಕೊಂಡೆ.

ಧಣಿ ವಿಷಯಕ್ಕೆ ಬಂದರು. ಬಳ್ಳಾರಿಯಲ್ಲಿ ಅವರ ಹಿತೈಷಿಗಳು ಅವರಿಗೊಂದು ಸನ್ಮಾನ ಇಟ್ಟುಕೊಂಡಿದ್ದರು. ದೊಡ್ಡ ಪೆಂಡಾಲು, ದೊಡ್ಡ ಜನ. ಅಲ್ಲಿ ನಾನು ಅದೇ ಮಾತನ್ನು ಹಾಗೆಯೇ ಹೇಳಬೇಕು. ಅಷ್ಟೇ.

ಅಪ್ಪ ನನ್ನ ಮುಖ ನೋಡಿದರು. ಹೂಂ ಎನ್ನಲು ಒಂದು ಉಸಿರು ಸಾಕಿತ್ತು. ಆ ಉಸಿರೇ ಬರಲಿಲ್ಲ.

ಧಣಿ ಬಹಳ ಮೃದುವಾಗಿ ಕೇಳಿದರು: “ಅವತ್ತು ಅಷ್ಟ ಮಾತಾಡಿದ್ಯೋ, ಮುಂದ ಇನ್ನೇನರ ಇತ್ತೋ?”

ಗೊತ್ತಿದ್ದು ಕೇಳಿದರೋ, ಗೊತ್ತಿಲ್ಲದೆ ಕೇಳಿದರೋ, ನನಗೆ ಇಂದಿಗೂ ತಿಳಿಯದು. ಇಲ್ಲ ಎಂದರೆ ಮುಗಿಯುತ್ತಿತ್ತು. ಆದರೆ ಇಲ್ಲ ಎಂದ ಮೇಲೆ ಎರಡನೆಯ ಅರ್ಧ ಯಾವತ್ತೋ ಬಂದು ಬಾಗಿಲು ಬಡಿಯುತ್ತದಲ್ಲ ಎಂಬ ಹೆದರಿಕೆ ಇನ್ನೂ ದೊಡ್ಡದಾಗಿತ್ತು. ನಾನು ಧೈರ್ಯದಿಂದ ಸತ್ಯ ಹೇಳಿದೆ ಎಂದು ಯಾರಾದರೂ ಹೊಗಳಿದರೆ ಒಪ್ಪಬೇಡಿ. ಎರಡು ಹೆದರಿಕೆಗಳಲ್ಲಿ ಸಣ್ಣದನ್ನು ಆರಿಸಿಕೊಂಡೆ.

“ಇತ್ರಿ. ಮೊದಲು ಹೊಗಳೋದು, ಆಮ್ಯಾಲೆ ತಪ್ಪು ಹೇಳೋದು ನಮ್ಮ ಕೂಟದ ಪದ್ಧತಿ.”

“ಏ, ಹುಡುಗಿಗೆ ತಿಳಿಯಂಗಿಲ್ರಿ…” ಎಂದರು ಅಪ್ಪ.

“ಇರ್ರಿ. ಹೇಳ್ಲಿ. ಏನ್ ತಪ್ಪವ್ವಾ?”

“ಆ ಪುಸ್ತಕದಾಗ ಸಹಾಯ ತಗೊಂಡಾಂವನ ಕಥಿ ಐತ್ರಿ. ಆ ಸಹಾಯಕ್ಕ ಯಾರನ್ನ ಬಗ್ಗಿಸಿದ್ರು ಅನ್ನೋದು ಇಲ್ರಿ. ನಮಗ ನೀರು ಬಂತು. ಮ್ಯಾಲಿನ ಹೊಲದಾಂವಗ ಏನಾತು ಅಂತ ನಾವು ಕೇಳಲಿಲ್ಲ ಅಂತ ಹೇಳಿದ್ನಿರಿ.”

ಧಣಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ. ಮೊಮ್ಮಗಳ ಪ್ರಶ್ನೆಗೆ ನಕ್ಕಂತೆ ನಕ್ಕರು.

“ಅಷ್ಟೇನಾ? ಈಗ ಕೇಳು. ನಿನಗ ಚಾ ಕೊಟ್ಟಾನಲ್ಲ, ಅಂವನ.”

ಅಪ್ಪ ತಲೆ ತಗ್ಗಿಸಿದರು. ಅವನನ್ನು ಕಂಡದ್ದೇ ಗುರುತು ಹಿಡಿದಿದ್ದರು. ಬಳ್ಳಾರಿಯಲ್ಲಿ ಓದುತ್ತಿದ್ದ ನಾನು ಮೇಲಿನ ಗದ್ದೆಯವನನ್ನು ನೋಡಿಯೇ ಇರಲಿಲ್ಲ. ಊರು ಬಿಟ್ಟನೆಂದು ಅಪ್ಪನ ಕಿವಿಗೆ ಬಿದ್ದಿತ್ತು, ಎಲ್ಲಿಗೆ ಎಂದು ಅವರು ಕೇಳಿರಲಿಲ್ಲ.

“ನಾ ಏನೂ ಮಾಡಿಲ್ಲವ್ವಾ,” ಎಂದರು ಧಣಿ. “ಕರೆಸಿ ಮಾತಾಡಿದೆ. ಆಮ್ಯಾಲೆ ಅಂವಗ ಹೊಲ ಮಾಡೋದ ಬ್ಯಾಡಾತು. ಇಲ್ಲೇ ಇರ್ತೀನಿ ಅಂದ, ಇರು ಅಂದೆ. ಏನಲೇ, ಏನರ ಕಮ್ಮಿ ಆಗೈತೇನು?”

ಬಾಗಿಲ ಬಳಿ ತಟ್ಟೆ ಹಿಡಿದು ನಿಂತಿದ್ದವನು ಧಣಿಯನ್ನೂ ನೋಡಲಿಲ್ಲ, ಅಪ್ಪನನ್ನೂ ನೋಡಲಿಲ್ಲ. ನನ್ನ ಲೋಟ ನೋಡಿದ.

“ಚಾ ಆರಾಕತ್ತೈತ್ರಿ. ಕುಡೀರಿ.”

ನಾನು ಕುಡಿದೆ. ಕುಡಿದು, ಲೋಟ ಕೆಳಗಿಟ್ಟು, ನನ್ನದಲ್ಲದ ತೆಳ್ಳನೆ ದನಿಯಲ್ಲಿ ಹೇಳಿದೆ: “ಸ್ಟೇಜಿನ ಮ್ಯಾಲೆ ಹೇಳಿದ್ರ ಎರಡೂ ಅರ್ಧ ಹೇಳಬೇಕಾಗ್ತೈತ್ರಿ.”

“ಹೇಳು! ಯಾರು ಬ್ಯಾಡ ಅಂತಾರ? ಮೊದಲನೇ ಅರ್ಧಕ್ಕ ಮಂದಿ ಚಪ್ಪಾಳಿ ಹೊಡಿತಾರ. ಎರಡನೇದು ಶುರು ಆಗೋದ್ರಾಗ ಊಟಕ್ಕ ಎದ್ದು ಹೋಗಿರ್ತಾರ.”

ನನ್ನ ಜೀವನದಲ್ಲಿ ಕೇಳಿದ ಅತ್ಯುತ್ತಮ ಖಂಡನೆ ಅದು. ಅಲ್ಲೇ ಗೊತ್ತಾಯಿತು, ಈ ಆಟದಲ್ಲಿ ನಾನು ಗೆಲ್ಲುವುದಿಲ್ಲ, ಆಡದೆ ಇರಬಹುದು ಅಷ್ಟೇ.

“ಹಂಗಾದ್ರ ನಾ ಬರಂಗಿಲ್ರಿ.”

ಧಣಿ ಕನ್ನಡಕ ತೆಗೆದು, ಧೋತರದ ಚುಂಗಿನಿಂದ ಒರೆಸಿ, ಮತ್ತೆ ಹಾಕಿಕೊಂಡರು.

“ಆಯ್ತವ್ವಾ. ಒತ್ತಾಯ ಏನೂ ಇಲ್ಲ. ಉಂಡು ಹೋಗ್ರಿ.”

ಉಂಡೆವು. ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಬಡಿಸಿದವನೂ ಅವನೇ. ಅಪ್ಪ ಅವನಿಗೆ ಒಂದು ಮಾತಾದರೂ ಆಡುತ್ತಾರೆಂದು ಕಾಯ್ದೆ. ಆಡಲಿಲ್ಲ, ನಾನೂ ಆಡಲಿಲ್ಲ. ಸಿರಿಗೇರಿ ದಾಟಿದ ಮೇಲೆ ಅಪ್ಪ ಬೈಕ್ ನಿಲ್ಲಿಸಿ ರಸ್ತೆ ಪಕ್ಕ ಕೂತು ತಿಂದದ್ದನ್ನೆಲ್ಲ ವಾಂತಿ ಮಾಡಿಕೊಂಡರು. ನೀರಿನ ಬಾಟಲಿ ಕೊಟ್ಟೆ. ಬಾಯಿ ತೊಳೆದು, “ಅಂವ ನನಗಿಂತ ದೊಡ್ಡ ರೈತ ಇದ್ದ” ಎಂದರು.

ಮುಂದಿನ ಕೂಟದಲ್ಲಿ ಕುರುಗೋಡಿನಲ್ಲಿ ನಡೆದದ್ದನ್ನೆಲ್ಲ ಹೇಳಿ, ಆ ಕಾದಂಬರಿಗೆ ಇನ್ನೊಂದು ಆಕ್ಷೇಪ ಸೇರಿಸಿದೆ. ಅದರಲ್ಲಿ ಯಜಮಾನನಿಗೆ ಇಲ್ಲ ಎಂದವನಿಗೆ ಉತ್ತರ ತಪ್ಪದೆ ಬರುತ್ತದೆ, ಅದೂ ಮುಂದಿನ ಅಧ್ಯಾಯದಲ್ಲೇ. ರಕ್ತ, ಬೆಂಕಿ, ಏನೋ ಒಂದು. ಓದುಗನಿಗೆ ಎದೆ ಹೊಡೆದುಕೊಳ್ಳುತ್ತದೆ, ಪುಟ ತಿರುಗಿಸಿದರೆ ಇಳಿಯುತ್ತದೆ. ಅದು ಭಯವಲ್ಲ, ಭಯದ ಮನರಂಜನೆ ಎಂದು ವಾದಿಸಿದೆ. ಮೇಷ್ಟ್ರು ಒಪ್ಪಲಿಲ್ಲ. “ಉತ್ತರ ಬರಲಿಲ್ಲ ಅಂದ್ರ ಧಣಿ ನಿಮ್ಮನ್ನ ಬಿಟ್ಟಾನ ಅಂತ ತಿಳ್ಕೋಬಹುದಲ್ಲವ್ವಾ?” ಎಂದರು. ತಿಳಿದುಕೊಳ್ಳಬಹುದು. ಬಿಟ್ಟಿರಲೂಬಹುದು. ಅದನ್ನು ಅಲ್ಲಗಳೆಯಲು ನನ್ನ ಬಳಿ ಪುರಾವೆ ಇಲ್ಲ. ಇದ್ದಿದ್ದರೆ ನಿದ್ದೆ ಬರುತ್ತಿತ್ತೇನೋ.

ಸನ್ಮಾನ ನಾನಿಲ್ಲದೆ ಚೆನ್ನಾಗಿಯೇ ನಡೆಯಿತಂತೆ. ನಮಗೆ ಏನೂ ಆಗಿಲ್ಲ. ಅಪ್ಪ ಮಾತ್ರ, ಧಣಿ ನೀರು ನಿಲ್ಲಿಸಿರಬಹುದೆಂದು, ದಿನಾ ಬೆಳಿಗ್ಗೆ ಸಿರುಗುಪ್ಪದಿಂದ ಗದ್ದೆಗೆ ಹೋಗಿ ತೂಬಿನ ಬಳಿ ನಿಲ್ಲುತ್ತಾರೆ. ಅಲ್ಲಿಂದಲೇ ನನಗೆ ಫೋನ್ ಮಾಡುತ್ತಾರೆ. ಇವತ್ತೂ ಮಾಡಿದ್ದರು.

“ನೀರು ಬಂದೈತಿ.”

“ಒಳ್ಳೇದಾತಲ್ಲಪ್ಪಾ.”

ಅಪ್ಪನ ಹಿಂದೆ ನೀರು ಹರಿಯುವ ಸದ್ದು ಕೇಳುತ್ತಿತ್ತು.

“ಯಾಕ ಬಂದೈತಿ ಅಂತ ನೋಡಾಕತ್ತೀನಿ” ಎಂದರು.